ಕರುಣಳ ತಲೆಗೆ ಹಾಕಿದ ಕುಲಾವಿ

ಕ್ಷಯದಿಂದ ಎದ್ದು ಬಂದವರು ಚರ್ಚಿನ ಸಭೆಯಲ್ಲಿ ಸಾಕ್ಷಿ ಹೇಳುವಾಗ ಮೊದಲು ದೇವರಿಗೆ ಸ್ತೋತ್ರ ಹೇಳುತ್ತಾರೆ, ಆಮೇಲೆ ಕಾಯಿಲೆಯ ಕಥೆ. ನನಗೆ ಆ ಕ್ರಮ ಒಗ್ಗಲಿಲ್ಲ. ಕಥೆಯನ್ನೇ ಮೊದಲು ಹೇಳುತ್ತೇನೆ. ಸ್ತೋತ್ರಕ್ಕೆ ಅದರಲ್ಲಿ ಎಲ್ಲಿ ಜಾಗವಿದೆಯೋ ಓದಿದವರೇ ನೋಡಿಕೊಳ್ಳಲಿ. ಯಾವುದೋ ಆಸ್ಪತ್ರೆಯ ವರಾಂಡದಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿರುವವರಿಗೆ, ದೇವರು ಕುರುಬನ ಹಾಗೆ ನಿನ್ನನ್ನು ಕಾಯುತ್ತಾನೆ ಎಂದು ಯಾರಾದರೂ ಹೇಳಿದರೆ ಗೋಡೆ ಕಡೆ ತಿರುಗಿ ಮಲಗುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೆ ತಿರುಗಿ ಮಲಗಿದ್ದವಳು.

ಆ ಮಾತು ನನಗೆ ಬೇರೆಯವರಿಗಿಂತ ಹೆಚ್ಚು ಚುಚ್ಚುತ್ತಿತ್ತು, ಏಕೆಂದರೆ ನಾನು ಕುರುಬರ ಮನೆಯ ಮಗಳು. ಶಿರಾ ಸೀಮೆಯಲ್ಲಿ ತಾವರೆಕೆರೆಗೆ ಹತ್ತಿರದ ಒಂದು ಹಳ್ಳಿ ನಮ್ಮದು. ಅಪ್ಪ ಬೀರಪ್ಪ ಕುರಿ ಮೇಯಿಸುತ್ತಿದ್ದ, ಅಣ್ಣ ಕಂಬಳಿ ನೇಯುತ್ತಿದ್ದ. ಅವ್ವ ಪ್ಲೇಗಿನಲ್ಲಿ ಹೋದ ಮೇಲೆ ಮಿಷನ್ನಿನವರು ನನ್ನನ್ನು ಅವರ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿಕೊಂಡರು. ಕೆಲವು ವರ್ಷಗಳಲ್ಲಿ ನಮ್ಮ ಮನೆಯವರೆಲ್ಲ ದೀಕ್ಷಾಸ್ನಾನ ಮಾಡಿಸಿಕೊಂಡರು. ಅಪ್ಪನಿಗೆ ಅಬ್ರಹಾಂ ಎಂದು ಹೆಸರಾಯಿತು. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ನಮ್ಮೂರಿಗೆ ಉಪದೇಶಕ್ಕೆ ಬರುತ್ತಿದ್ದ ಹುಡುಗ ಒಮ್ಮೆ, ಕಳೆದುಹೋದ ಒಂದು ಕುರಿಗಾಗಿ ಇಡೀ ಮಂದೆಯನ್ನು ಬಿಟ್ಟು ಹುಡುಕಿಕೊಂಡು ಹೋದ ಕುರುಬನ ಕಥೆ ಹೇಳಿದ. ಎಲ್ಲರೂ ತಲೆದೂಗಿದರು. ಅಪ್ಪ ಹಿಂದಿನಿಂದ ಎದ್ದು ನಿಂತ.

"ಅಯ್ಯಾ, ಅವ್ನು ಅತ್ಲಾಗೆ ಹೋದ್ನಲ್ಲ, ಮಿಕ್ಕ ಮಂದೆ ತಾವ ಯಾರಿದ್ರು? ತ್ವಾಳ ಬಂದಿದ್ರೆ?"

ಹುಡುಗ, "ಗೊತ್ತಿಲ್ಲ ಯಜಮಾನ್ರೇ, ಯೋಚನೆ ಮಾಡಿ ಹೇಳ್ತೀನಿ," ಎಂದ. ಗೊತ್ತಿಲ್ಲ ಎಂದು ಒಪ್ಪಿಕೊಂಡದ್ದು ಅಪ್ಪನಿಗೆ ಬಹಳ ಹಿಡಿಸಿತು. ಆ ಹುಡುಗನೇ ನನ್ನ ಗಂಡ ಸಾಮುಯೇಲ. ಅವರು ಇದ್ದಷ್ಟು ದಿನ ಅಪ್ಪ ಸಿಕ್ಕಾಗಲೆಲ್ಲ "ಯೋಚ್ನೆ ಮುಗೀತಾ ಅಳಿಯಂದ್ರೇ?" ಎಂದು ರೇಗಿಸುತ್ತಿದ್ದ. ಮುಗಿಯಲೇ ಇಲ್ಲ. ಮದುವೆಯಾಗಿ ನಾವು ಮಧುಗಿರಿಯಲ್ಲಿ ಸಂಸಾರ ಹೂಡಿದೆವು. ನಾನು ಬಸುರಿಯಾಗಿದ್ದಾಗ ಅವರಿಗೆ ಕೆಮ್ಮು ಶುರುವಾಯಿತು, ಕರುಣ ಹುಟ್ಟಿ ಕೂದಲು ತೆಗೆಸುವ ಮುಂಚೆಯೇ ಅವರನ್ನು ಮಣ್ಣು ಮಾಡಿದೆವು. ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಮಗುವನ್ನು ಎತ್ತಿಕೊಂಡು ತವರಿಗೆ ಬಂದೆ.

ನನ್ನ ಕೆಮ್ಮನ್ನು ನಾನು ದುಃಖದ ಲೆಕ್ಕಕ್ಕೆ ಹಾಕಿದೆ. ಸಂಜೆ ಬರುವ ಜ್ವರವನ್ನು ಹಾಲೂಡಿಸುವ ದಣಿವು ಅಂದುಕೊಂಡೆ. ಅಪ್ಪನಿಗೆ ಮಾತ್ರ ಅನುಮಾನ ಬಂದಿತ್ತು. ಅವನು ನನ್ನನ್ನು ನೋಡುತ್ತಿದ್ದ ನೋಟ ನನಗೆ ಗೊತ್ತಿತ್ತು: ಬೆಳಿಗ್ಗೆ ರೊಪ್ಪದ ಬಾಗಿಲಲ್ಲಿ ನಿಂತು, ಒಂದೊಂದೇ ಕುರಿ ಹೊರಗೆ ಬರುವಾಗ ಯಾವುದು ಕಿವಿ ಇಳಿಬಿಟ್ಟಿದೆ, ಯಾವುದು ಹಿಂದೆ ಬೀಳುತ್ತಿದೆ ಎಂದು ನೋಡುವ ನೋಟ. ಒಂದು ದಿನ ರಾಗಿ ಬೀಸುತ್ತಿದ್ದಾಗ ಕೆಮ್ಮು ಬಂದು ಹಿಟ್ಟಿನ ಮೇಲೆ ರಕ್ತ ಬಿತ್ತು. ನಾನು ಅದನ್ನು ಮುಚ್ಚಲು ಸೆರಗು ಎಳೆದುಕೊಂಡೆ. ಬಾಗಿಲಲ್ಲಿ ಅಪ್ಪ ನಿಂತಿದ್ದ.

ಅದು ಯುದ್ಧದ ಕಾಲ. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು, ಗಂಡಸರೆಲ್ಲ ಇಳಿದು ನೂಕುತ್ತಿದ್ದರು. ಶಿರಾದಲ್ಲಿ ಆ ಬಸ್ಸು ಹತ್ತಿ ಅಪ್ಪ, ನಾನು, ನನ್ನ ಮಡಿಲಲ್ಲಿ ಕರುಣ ಮಿಷನ್ ಆಸ್ಪತ್ರೆಗೆ ಹೋದೆವು. ಅಲ್ಲಿನ ವರಾಂಡದಲ್ಲಿ ಎರಡು ಉದ್ದ ಬೆಂಚುಗಳಿದ್ದವು. ಒಂದರ ಮೇಲೆ ಜನ ಒತ್ತಿಕೊಂಡು ಕೂತಿದ್ದರು, ಇನ್ನೊಂದರ ಮೇಲೆ ದೂರ ದೂರ. ನಾನು ಮೊದಲ ಬೆಂಚಿಗೆ ಹೋಗಿ ಕೂತೆ. ಒಮ್ಮೆ ಕೆಮ್ಮಿದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಮಗುವನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಎತ್ತಿಕೊಂಡಳು. ನಾನೇ ಎದ್ದು ಎರಡನೆಯ ಬೆಂಚಿಗೆ ಹೋದೆ. ಡಾಕ್ಟರು ಹೇಳುವ ಮೊದಲೇ ನನ್ನ ಕಾಯಿಲೆ ಏನೆಂದು ಆ ಬೆಂಚು ಹೇಳಿತ್ತು.

ಡಾಕ್ಟರಮ್ಮ ಒಳ್ಳೆಯವರು. ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, ಮಗುವಿಗೆ ಇವತ್ತಿನಿಂದಲೇ ಹಾಲು ಕೊಡಬಾರದು, ಹತ್ತಿರ ಮಲಗಿಸಿಕೊಳ್ಳಬಾರದು ಎಂದರು. ಹಾಸಿಗೆ ಖಾಲಿಯಾದ ಕೂಡಲೇ ಸೇರಿಸಿಕೊಳ್ಳುತ್ತೇವೆ, ಬಹುಶಃ ಮುಂದಿನ ವಾರ ಆಗಬಹುದು ಎಂದರು. ಆ ವಾರ್ಡಿನ ಹಾಸಿಗೆ ಹೇಗೆ ಖಾಲಿಯಾಗುತ್ತದೆ ಎಂದು ನಾನು ಕೇಳಲಿಲ್ಲ. ಹಿಂದಿರುಗುವಾಗ ಕರುಣಳನ್ನು ಅಪ್ಪ ಎತ್ತಿಕೊಂಡಿದ್ದ. ಅವಳು ಹಸಿದು ನನ್ನ ಕಡೆ ಕೈ ಚಾಚಿ ದಾರಿಯುದ್ದಕ್ಕೂ ಅತ್ತಳು. ನನ್ನ ರವಿಕೆ ಒದ್ದೆಯಾಗಿ ಅಂಟಿಕೊಂಡಿತ್ತು, ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ.

ಮನೆಯಲ್ಲಿ ಇನ್ನೊಂದು ಸಂಕಟ ಮಲಗಿತ್ತು. ಅಣ್ಣನ ಹೆಂಡತಿ ರಾಹೇಲಮ್ಮ ಹೆತ್ತ ಗಂಡುಕೂಸು ಜ್ವರ ಬಂದು ಅದೇ ತಿಂಗಳು ತೀರಿಕೊಂಡಿತ್ತು. ಅತ್ತಿಗೆ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಎದೆ ಬಿಗಿದು ಕಲ್ಲಾಗಿ, ಬಟ್ಟೆ ಕಟ್ಟಿಕೊಂಡು ನರಳುತ್ತಿದ್ದಳು.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ಮಂದೆಯಲ್ಲಿ ಒಂದು ಕುರಿಯ ಮರಿ ಸತ್ತು, ಇನ್ನೊಂದು ಮರಿಗೆ ತಾಯಿ ಇಲ್ಲದೆ ಹೋದರೆ ಕುರುಬ ಒಂದು ಉಪಾಯ ಮಾಡುತ್ತಾನೆ. ಸತ್ತ ಮರಿಯ ತೊಗಲು ಸುಲಿದು, ಬದುಕಿರುವ ಮರಿಗೆ ಅಂಗಿಯ ಹಾಗೆ ತೊಡಿಸುತ್ತಾನೆ. ತಾಯಿ ಮೂಸಿ ನೋಡಿ, ತನ್ನದೇ ಮರಿ ಎಂದುಕೊಂಡು ಮೊಲೆ ಕೊಡುತ್ತದೆ. ನಾಲ್ಕಾರು ದಿನ ಕಳೆದು ತೊಗಲು ತೆಗೆದರೂ ಆಮೇಲೆ ಮರಿಯನ್ನು ಬಿಡುವುದಿಲ್ಲ. ಆದರೆ ತಾಯಿಕುರಿ ಬರೀ ಕಾಯಿಲೆ ಬಿದ್ದಿದ್ದರೆ, ನಾಳೆಯೋ ನಾಡಿದ್ದೋ ಏಳುವಂತಿದ್ದರೆ, ಯಾರೂ ಹಾಗೆ ಮಾಡುವುದಿಲ್ಲ. ಮರಿಗೆ ಅಲ್ಲಿಯ ತನಕ ಬಟ್ಟೆಯ ಬತ್ತಿಯನ್ನು ಮೇಕೆ ಹಾಲಿನಲ್ಲಿ ಅದ್ದಿ ಚೀಪಿಸುತ್ತಾರೆ. ತೊಗಲು ತೊಡಿಸುವುದು ತಾಯಿ ಇನ್ನು ಏಳುವುದಿಲ್ಲ ಎಂದು ಕುರುಬನಿಗೆ ಖಾತ್ರಿಯಾದಾಗ ಮಾತ್ರ.

ಬಸ್ಸಿನಿಂದ ಇಳಿದು ಮನೆಗೆ ಬಂದವನೇ ಅಪ್ಪ ಕರುಣಳನ್ನು ಅಣ್ಣನ ಕೈಗೆ ಕೊಟ್ಟು, ಮೂಲೆಯಲ್ಲಿದ್ದ ಪೆಟ್ಟಿಗೆ ತೆಗೆದ. ಸತ್ತ ಕೂಸಿನ ಕುಲಾವಿ, ಅದಕ್ಕೆ ಸುತ್ತುತ್ತಿದ್ದ ಹಳೇ ಸೀರೆಯ ತುಂಡು, ಎರಡನ್ನೂ ಹೊರಗೆ ತೆಗೆದ. ಒಗೆದಿರಲಿಲ್ಲ, ಒಗೆಯಲು ಅತ್ತಿಗೆ ಬಿಟ್ಟಿರಲಿಲ್ಲ. ಕರುಣಳಿಗೆ ಅದನ್ನು ಸುತ್ತಿದ. ಕುಲಾವಿಯನ್ನು ತಲೆಗೆ ಎಳೆದು ಗಲ್ಲದ ಕೆಳಗೆ ದಾರ ಕಟ್ಟಿದ. ಅವಳಿಗೆ ಅದು ಬಿಗಿಯಾಗುತ್ತಿತ್ತು. ಆಮೇಲೆ ಮಗುವನ್ನು ಒಯ್ದು ಅತ್ತಿಗೆಯ ಎದೆಯ ಹತ್ತಿರ ಮಲಗಿಸಿದ.

ನಾನು ಹೊಸ್ತಿಲಾಚೆ ನಿಂತಿದ್ದೆ. ಅತ್ತಿಗೆ ಕಣ್ಣು ಮುಚ್ಚಿಕೊಂಡೇ ಕೈಯಿಂದ ತಡಕಿದಳು. ಕುಲಾವಿ ಕೈಗೆ ಸಿಕ್ಕಿತು. ಅದನ್ನು ಮೂಗಿಗೆ ಒತ್ತಿಕೊಂಡಳು. ಕಣ್ಣು ತೆರೆದು ಮುಖ ನೋಡಿ ಕಿಟಾರನೆ ಕಿರುಚಿದಳು. "ಇದು ನನ್ ಕೂಸಲ್ಲ! ತಗೀರಿ! ನನ್ ಕೂಸಿಂದು ಇದು, ಯಾರಿಗೆ ಹಾಕಿದೀರಾ?" ಎಂದು ಮಗುವನ್ನು ನೂಕಿದಳು. ಅಪ್ಪ ಮಗುವನ್ನು ಮತ್ತೆ ತಂದು ಅಲ್ಲೇ ಮಲಗಿಸಿದ. ಅವಳು ಮತ್ತೆ ನೂಕಿದಳು. ಅಪ್ಪ ಮತ್ತೆ ಮಲಗಿಸಿದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ರೊಪ್ಪದಲ್ಲಿ ಮೊಂಡು ಕುರಿಯ ಕಾಲು ಹಿಡಿದು ಕೂರುವಾಗಿನ ತಾಳ್ಮೆ ಇತ್ತು. ಕೊನೆಗೆ ಹಸಿದ ಮಗುವೇ ದಾರಿ ಹುಡುಕಿಕೊಂಡಿತು. ಅತ್ತಿಗೆ ಗೋಳೋ ಎಂದು ಅಳುತ್ತ ಎದೆಯ ಕಟ್ಟು ಬಿಚ್ಚಿದಳು. ಕರುಣ ಗುಟುಕರಿಸುವ ಸದ್ದು ಹೊಸ್ತಿಲಾಚೆಗೂ ಕೇಳಿಸಿತು.

ಮನೆಯಲ್ಲಿ ಮೇಕೆ ಇತ್ತು, ಹಾಲೂ ಇತ್ತು. ಅಪ್ಪ ಬತ್ತಿ ಹುಡುಕಲಿಲ್ಲ, ಪೆಟ್ಟಿಗೆ ತೆಗೆದ. ಡಾಕ್ಟರಮ್ಮ ಹೇಳದೆ ಬಿಟ್ಟದ್ದು ನನಗೆ ಅಲ್ಲೇ ಗೊತ್ತಾಯಿತು. ಅಲ್ಲಿದ್ದವರಲ್ಲಿ ಅದನ್ನು ಬಾಯಿ ಬಿಟ್ಟು ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಅಣ್ಣ ನನ್ನ ಮುಖ ನೋಡಲಾರದೆ ಮಗ್ಗದ ಕಡೆ ಹೋದ.

ಆಸ್ಪತ್ರೆಗೆ ಸೇರಿದ ಮೇಲೆ ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಪ್ರಾರ್ಥನೆಯನ್ನೂ ಬಿಟ್ಟೆ. ಎರಡೂ ಸಿಟ್ಟು ಒಂದೇ ಆಗಿತ್ತು. ಪಾದ್ರಿಗಳು ವಾರಕ್ಕೊಮ್ಮೆ ವಾರ್ಡಿಗೆ ಬಂದು ಓದುತ್ತಿದ್ದರು. ರೋಗಿಗಳಿಗೆ ಯಾವಾಗಲೂ ಕುರುಬನ ಮಾತೇ: ಹಸಿರು, ತಿಳಿನೀರು, ಭಯವಿಲ್ಲದ ದಾರಿ. ನಮ್ಮ ಸೀಮೆಯ ಕುರಿ ಬೇಸಿಗೆಯಲ್ಲಿ ಜಾಲಿಯ ಕಾಯಿ ತಿಂದು ಬದುಕುತ್ತದೆ. ಕುಂಟುವ ಕುರಿಯನ್ನು ಕುರುಬ ಶಿರಾ ಸಂತೆಗೆ ಹೊಡೆಯುತ್ತಾನೆ, ಅಲ್ಲಿ ಕಟುಕರ ಸಾಬರು ಬೆನ್ನು ಒತ್ತಿ ನೋಡಿ ಹಗ್ಗ ಹಿಡಿಯುತ್ತಾರೆ. ಇದೆಲ್ಲ ನೋಡಿಕೊಂಡು ಬೆಳೆದವಳಿಗೆ ದೇವರು ಕುರುಬ ಎಂದರೆ ಹೇಗೆ ಧೈರ್ಯ ಬಂದೀತು? ಒಂದು ದಿನ ತಡೆಯಲಾರದೆ ಪಾದ್ರಿಗಳಿಗೆ ಹಾಗೆಯೇ ಹೇಳಿಬಿಟ್ಟೆ. ಅವರು ಪುಸ್ತಕ ಮುಚ್ಚಿ, ಬೆಂಚು ಎಳೆದುಕೊಂಡು ನನ್ನ ಪಕ್ಕ ಕೂತರು. ಉತ್ತರ ಕೊಡಲು ಹೋಗಲಿಲ್ಲ, ಗಂಟೆ ಬಾರಿಸುವ ತನಕ ಕೂತಿದ್ದು ಎದ್ದು ಹೋದರು. ಆಗ ಅದು ನನಗೆ ಸೋಲಿನ ಹಾಗೆ ಕಂಡಿತ್ತು.

ಪಕ್ಕದ ಹಾಸಿಗೆಯಲ್ಲಿ ಪಾವಗಡದ ಕಡೆಯ ತಿಪ್ಪಕ್ಕ ಇದ್ದಳು. ಅವಳ ಕನ್ನಡದಲ್ಲಿ ಅರ್ಧ ತೆಲುಗು. ನನಗೆ ಎದೆಯೊಳಗೆ ಗಾಳಿ ತುಂಬುವ ಚಿಕಿತ್ಸೆ ಶುರುವಾಗಿತ್ತು. ಪಕ್ಕೆಯ ಎಲುಬುಗಳ ನಡುವೆ ಸೂಜಿ ಚುಚ್ಚಿ, ಹಾಳಾದ ಪುಪ್ಪುಸಕ್ಕೆ ವಿಶ್ರಾಂತಿ ಸಿಗಲಿ ಎಂದು ಸುತ್ತ ಗಾಳಿ ಬಿಡುತ್ತಿದ್ದರು. ಸೂಜಿ ಒಳಗೆ ಹೋಗುವಾಗ ಏನೋ ಹರಿದ ಹಾಗೆ ಆಗುತ್ತಿತ್ತು, ಆಮೇಲೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಮೊದಲ ಸಲ ನಾನು ನಡುಗುವುದನ್ನು ನೋಡಿ ತಿಪ್ಪಕ್ಕ ಹೇಳಿದಳು: "ಭಯಪಡಬೇಡಮ್ಮಾ ತಲ್ಲೀ. ನನಗೆ ಅದೂ ಆಗದಂತೆ, ಎರಡು ಕಡೆನೂ ಪೂರ್ತಿ ಪೋಯಿಂದಂತೆ. ನಿನಗೆ ಚುಚ್ತಾವ್ರೆ ಅಂದ್ರೆ ನಿನ್ನಲ್ಲಿ ಇನ್ನೂ ಏನೋ ಐತೆ ಅಂತ." ಅಷ್ಟು ಕ್ರೂರವಾದ ಸಮಾಧಾನವನ್ನು ನಾನು ಬೇರೆಲ್ಲೂ ಕೇಳಿಲ್ಲ, ಅಷ್ಟು ಉಪಯೋಗಕ್ಕೆ ಬಂದದ್ದನ್ನೂ ಕೇಳಿಲ್ಲ.

ಅಪ್ಪ ಪ್ರತಿ ವಾರ ಬರುತ್ತಿದ್ದ. ನೋಡಲು ಬಂದವರನ್ನು ಒಳಗೆ ಬಿಡುತ್ತಿರಲಿಲ್ಲ. ವಾರ್ಡಿನ ಮುಂದೆ ಕಬ್ಬಿಣದ ಸಲಾಕಿಯ ಬೇಲಿ, ಅದರಾಚೆ ಒಂದು ಬೇವಿನ ಮರ. ಬಂದವನೇ ಮರದ ಕೆಳಗೆ ಕಂಬಳಿ ಹಾಸಿ ಕೂತು, ಕದಿರು ತೆಗೆದು ಉಣ್ಣೆ ನೂಲುತ್ತಿದ್ದ. ನಾನು ಕಿಟಕಿಯಿಂದ ನೋಡಿ ಮುಖ ತಿರುಗಿಸುತ್ತಿದ್ದೆ. ಅವನು ಕರೆಯುತ್ತಿರಲಿಲ್ಲ. ಕೊನೆಯ ಬಸ್ಸಿನ ಹೊತ್ತಾದಾಗ ಕಂಬಳಿ ಕೊಡವಿ ಎದ್ದು ಹೋಗುತ್ತಿದ್ದ. "ಆ ಮುದುಕ ನಿನ್ನ ತಂಡ್ರಿನಾ?" ಎಂದು ತಿಪ್ಪಕ್ಕ ಕೇಳಿದಾಗ, ಹೌದು, ನಾನು ಸಾಯುವುದನ್ನು ಕಾಯುತ್ತಿದ್ದಾನೆ ಎಂದೆ. ಅವಳು ನಗಲಿಲ್ಲ. ಅವಳನ್ನು ನೋಡಲು ಯಾರೂ ಬರುತ್ತಿರಲಿಲ್ಲ.

ಮಳೆಗಾಲ ಬಂತು. ಒಂದು ಮಧ್ಯಾಹ್ನ ಮರ ಸೋರುತ್ತಿದ್ದರೂ ಅಪ್ಪ ಕಂಬಳಿ ಗೊಪ್ಪೆ ಹಾಕಿಕೊಂಡು ಅಲ್ಲೇ ಕೂತಿದ್ದ. ನನಗೆ ತಡೆಯಲಾಗಲಿಲ್ಲ. ಎದ್ದು ಬೇಲಿಯ ತನಕ ನಡೆದೆ.

"ಅಪ್ಪಾ, ಕುಲಾವಿ ಯಾಕೆ ಹಾಕ್ದೆ? ನಾನು ಏಳಾಕಿಲ್ಲ ಅಂತ ತಾನೆ?"

ಅಪ್ಪ ಕದಿರು ಕೆಳಗಿಟ್ಟ. "ಊಂ ಕಣವ್ವ. ಅಂಗೇ ಅನ್ಕಂಡೆ."

ಅಲ್ಲ ಎಂದು ಸುಳ್ಳಾದರೂ ಹೇಳುತ್ತಾನೆ ಎಂದುಕೊಂಡಿದ್ದೆ. ಸಲಾಕಿ ಹಿಡಿದುಕೊಂಡೆ.

"ಮತ್ತೆ ಇಲ್ಲಿಗ್ಯಾಕೆ ಬತ್ತೀಯ? ಸಾಯೋಳ ತಾವ ನಿಂಗೇನು ಕೆಲ್ಸ?"

"ಅದೇ ಕೆಲ್ಸ ಅಲ್ವೇನವ್ವ?" ಎಂದ ಅಪ್ಪ. "ಕುರಿ ಬಿದ್ಕಂಡ್ರೆ ಮಂದೆ ಮುಂದಕ್ಕೆ ಹೋಯ್ತದೆ, ಮೇಯ್ಬೇಕಲ್ಲ. ಬಿದ್ದಿದ್ದರ ತಾವ ಒಬ್ಬ ಕುಂತ್ಕಬೇಕು. ಬುಟ್ಟೋದ್ರೆ ಕಾಗೆ ಬತ್ತವೆ, ಜೀವ ಇರೋವಾಗ್ಲೇ ಕಣ್ ಕುಕ್ತವೆ. ಅದುಕ್ಕೆ ಜೀವ ಇರೋಗಂಟ ಕುಂತಿರ್ಬೇಕು. ನಂಗೆ ಔಸ್ತಿ ಗೊತ್ತಿಲ್ಲ, ಓದ್ ಗೊತ್ತಿಲ್ಲ. ಕುಂತ್ಕಳಾಕೆ ಬತ್ತದೆ."

ಇಬ್ಬರೂ ಮಳೆಯಲ್ಲಿ ನೆನೆದೆವು. ನರ್ಸಮ್ಮ ಒಳಗಿನಿಂದ ಕೂಗುತ್ತಿದ್ದರು. ಆ ದಿನ ಹಾಸಿಗೆಗೆ ಹಿಂದಿರುಗಿ, ಗಂಡ ಸತ್ತ ಮೇಲೆ ಮೊದಲ ಬಾರಿಗೆ ಮನಸಾರೆ ಅತ್ತೆ. ಬದುಕುತ್ತೇನೆ ಎಂಬ ಆಸೆಯೇನೂ ಬಂದಿರಲಿಲ್ಲ. ಆದರೆ ಕುರುಬ ಎಂಬ ಮಾತಿನಲ್ಲಿ ನಾನು ಸಂತೆಯ ಹಗ್ಗವನ್ನು ಮಾತ್ರ ನೋಡಿದ್ದೆ, ಮರದ ಕೆಳಗಿನ ಕಂಬಳಿಯನ್ನು ನೋಡಿರಲಿಲ್ಲ. ಬೆಂಚು ಎಳೆದುಕೊಂಡು ಸುಮ್ಮನೆ ಕೂತಿದ್ದ ಪಾದ್ರಿಗಳೂ ನೆನಪಾದರು. ದೇವರೂ ಹಾಗೆ ಕೂತಿರಬಹುದು, ಗುಣಪಡಿಸದೆ, ಬಿಟ್ಟೂ ಹೋಗದೆ, ಎಂದು ನಂಬುವುದು ನನ್ನಿಂದ ಸಾಧ್ಯವಾಯಿತು. ಅದಕ್ಕಿಂತ ಹೆಚ್ಚಿನ ನಂಬಿಕೆ ನನಗೆ ಇವತ್ತಿಗೂ ಇಲ್ಲ. ಇದ್ದದ್ದು ಸಾಕಾಗಿದೆ.

ತಿಪ್ಪಕ್ಕ ಆ ಮಳೆಗಾಲ ದಾಟಲಿಲ್ಲ. ಕೊನೆಯ ದಿನ ನಾನು ಅವಳ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಡಾಕ್ಟರಮ್ಮ ನೋಡಿಯೂ ಗದರಲಿಲ್ಲ. ಅವಳಿಗೆ ಮಾತು ನಿಂತಿತ್ತು, ಕೈ ಮಾತ್ರ ನನ್ನ ಸೆರಗನ್ನು ಹಿಡಿದಿತ್ತು. ಹಿಡಿತ ಸಡಿಲವಾದ ಮೇಲೂ ನಾನು ಸ್ವಲ್ಪ ಹೊತ್ತು ಏಳಲಿಲ್ಲ.

ನಾನು ಎದ್ದೆ. ಹೇಗೆ ಎಂದು ಡಾಕ್ಟರಮ್ಮನಿಗೂ ಪೂರ್ತಿ ಗೊತ್ತಿರಲಿಲ್ಲ. ಜ್ವರ ನಿಂತಿತು, ರಕ್ತ ನಿಂತಿತು, ಫೋಟೋದಲ್ಲಿ ಗಾಯ ಒಣಗಿತು. ಮಗುವನ್ನು ಜೊತೆಗೆ ಮಲಗಿಸಿಕೊಳ್ಳುವುದು ಇನ್ನೂ ಬೇಡ, ಕಾಯಿಲೆ ತಿರುಗಿ ಬರಬಹುದು ಎಂದು ಎಚ್ಚರಿಸಿ ಮನೆಗೆ ಕಳಿಸಿದರು. ಅಷ್ಟರಲ್ಲಿ ಎರಡು ವರ್ಷವಾಗಿತ್ತು, ಕರುಣ ಓಡಾಡುತ್ತಿದ್ದಳು, ಮಾತೂ ಬಂದಿತ್ತು. ಬಾಗಿಲಲ್ಲಿ ನನ್ನನ್ನು ನೋಡಿ, ಅತ್ತಿಗೆಯ ಸೀರೆಯ ಹಿಂದೆ ಅವಿತುಕೊಂಡು, "ಅವ್ವಾ, ಯಾರೋ ಬಂದವ್ರೆ," ಎಂದಳು.

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ತನ್ನ ಕೂಸು ಹೋದ ಮೇಲೆ ಅವಳಿಗೆ ಮಕ್ಕಳಾಗಿರಲಿಲ್ಲ. ಒಳಗೆ ಹೋಗಿ, ಮಗುವಿನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಬಂದಳು. ಗಂಟಿನ ಮೇಲೆ ಕುಲಾವಿಯೂ ಇತ್ತು. "ನಿನ್ ಕೂಸು ಕಣಮ್ಮ. ನಾನ್ ಬರೀ ಹಾಲ್ ಕೊಟ್ಟೋಳು," ಎಂದು ಕರುಣಳನ್ನು ನನ್ನ ಕಡೆ ನೂಕಿದಳು. ಮಗು ಹೆದರಿ ಕಿರುಚಿ ಅವಳ ಕಾಲನ್ನೇ ತಬ್ಬಿಕೊಂಡಿತು. ಅತ್ತಿಗೆ ಅದರ ಬೆರಳು ಬಿಡಿಸಲು ನೋಡಿದಳು. ಒಂದು ಕಾಲದಲ್ಲಿ ನೂಕುತ್ತಿದ್ದ ಅದೇ ಕೈ.

ಜಗಲಿಯ ಮೇಲೆ ಅಪ್ಪ ಕೂತಿದ್ದ. "ತಪ್ಪಾಗೋಯ್ತು ಕಣವ್ವ," ಎಂದ, ನನ್ನ ಕಡೆ ನೋಡದೆ. "ಇಷ್ಟ್ ವರ್ಸ ಕಾಯ್ದಿದೀನಿ. ಏಳೋ ಕುರೀನ ಏಳಾಕಿಲ್ಲ ಅಂತ ತೊಗಲು ಹಾಕ್ಬುಟ್ಟೆ. ಈಗ ತಗಿಯಾಕೆ ಬರಾಕಿಲ್ಲ."

ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ಗಂಟನ್ನು ಎತ್ತಿ ಅತ್ತಿಗೆಯ ಕೈಗೆ ಕೊಟ್ಟೆ. "ಮಗಾನ ಅಳಿಸ್ಬೇಡ ಅತ್ತಿಗೆ, ಒಳೀಕ್ ಕರ್ಕೊಂಡೋಗು," ಎಂದೆ. ಅವಳು ಕರುಣಳನ್ನು ಬಾಚಿ ಎತ್ತಿಕೊಂಡು ಓಡಿದಳು, ನಾನು ಮನಸ್ಸು ಬದಲಿಸುತ್ತೇನೆ ಎಂದು ಹೆದರಿದವಳ ಹಾಗೆ. ಅಪ್ಪ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಅವನ ಭುಜ ಅಲುಗುತ್ತಿತ್ತು. ನಾನು ಹೋಗಿ ಅವನ ಪಕ್ಕ ಕೂತೆ.

ಈಗ ಅಪ್ಪ ಇಲ್ಲ. ನಾನು ಊರಲ್ಲೇ ಬೇರೆ ಮನೆ ಮಾಡಿಕೊಂಡು, ಸಭೆಯ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತೇನೆ. ಏರು ಹತ್ತುವಾಗ ಎರಡು ಕಡೆ ನಿಲ್ಲುತ್ತೇನೆ. ಕೆಮ್ಮು ಬಂದಾಗ ಮೊದಲು ಕರವಸ್ತ್ರ ನೋಡುತ್ತೇನೆ, ಆಮೇಲೆ ಉಸಿರು ಬಿಡುತ್ತೇನೆ. ಕರುಣಳಿಗೆ ಇನ್ನೂ ಏನೂ ತಿಳಿಯದು. ಊರಿಗೆಲ್ಲ ಗೊತ್ತಿರುವ ಸಂಗತಿ, ಅತ್ತಿಗೆಯೇ ಹೇಳಲಿ ಎಂದು ಬಿಟ್ಟಿದ್ದೇನೆ. ಅಪ್ಪನನ್ನು ನೆನೆದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ: ಅಪ್ಪ ತಪ್ಪಿದ, ದೇವರೂ ತಪ್ಪುತ್ತಾನೆಯೇ? ನನ್ನ ಗಂಡನ ಹಾಗೆ ನಾನೂ ಯೋಚನೆ ಮಾಡಿ ಹೇಳುತ್ತೇನೆ.

ಮೊನ್ನೆ ಭಾನುವಾರ ಆರಾಧನೆ ಮುಗಿಸಿ ಬರುವಾಗ ಕರುಣ ನನ್ನ ಜೊತೆ ನಡೆದು ಬಂದಳು. ಕುರುಬ ಮರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುವುದನ್ನು ಪಾದ್ರಿಗಳು ಹೇಳಿದ್ದರು.

"ಅತ್ತೆ, ತಾತ ಅಂಗೆ ಮರಿ ಹೊತ್ಕಂಡು ಹೋಗ್ತಿತ್ತಾ? ನೀನ್ ನೋಡಿದೀಯಾ?"

"ಊಂ, ನೋಡಿದೀನಿ."

"ಅದ್ರ ಅವ್ವನ್ನೂ ಹೊತ್ಕಂತಿತ್ತಾ?"

"ಇಲ್ಲ ಕಣೆ. ದೊಡ್ಡ ಕುರಿ ಭಾರ ಆಯ್ತದೆ, ಹೊರಾಕಾಗಲ್ಲ."

"ಮತ್ತೆ ಅದುನ್ನ ಅಲ್ಲೇ ಬುಟ್ಬುಡುತ್ತಾ?"

ನಾನು ಉಸಿರು ಸುಧಾರಿಸಿಕೊಳ್ಳಲು ನಿಂತೆ. ಅವಳೂ ನಿಂತು, ನನ್ನ ಸೆರಗು ಹಿಡಿದುಕೊಂಡು ಕಾದಳು.

"ಬುಡಲ್ಲ," ಎಂದೆ. "ಅದ್ರ ತಾವ ಕುಂತಿರುತ್ತೆ."